ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟ ಎಂಜಿನ್ನು

ಬೆಳಿಗ್ಗೆ ನಾನು ಒಳಗೆ ಬರುವಾಗ ಒಂದು ನೋಟ ಕಂಡೆ. ನಮ್ಮ ಈ ಸಭಾಭವನದ ಮೆಟ್ಟಿಲು ಎಷ್ಟು ಕಡಿದು ಅಂತ ನಿಮಗೆ ಗೊತ್ತಲ್ಲ. ಕಟ್ಟಿಸಿದ ಪುಣ್ಯಾತ್ಮರಿಗೆ ಮಂಡಿನೋವು ಇರಲಿಲ್ಲ ಅಂತ ಕಾಣುತ್ತೆ. ಒಬ್ಬ ಯಜಮಾನರು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಹಿಂದೆ ಬಂದವರೊಬ್ಬರು ಪ್ರೀತಿಯಿಂದ ಕೈ ಚಾಚಿದರು. ಯಜಮಾನರು ಆ ಕೈಯನ್ನ ಹೇಗೆ ನೋಡಿದರು ಅಂದರೆ, ಎಲ್ಲಿ ತಮ್ಮ ಜೇಬಿಗೇ ಕೈ ಹಾಕಿಬಿಟ್ಟರೋ ಅನ್ನೋ ಹಾಗೆ. "ಬೇಡ ಬೇಡ, ನಾನು ಗಟ್ಟಿಯಾಗೇ ಇದ್ದೀನಿ" ಅಂದು, ಗೋಡೆ ಹಿಡ್ಕೊಂಡು ಹತ್ತಿದರು. ಗೋಡೆ ಹಿಡೀಬಹುದು, ಮನುಷ್ಯನ ಕೈ ಹಿಡೀಬಾರದು! ನಾನು ಯಾರು ಅಂತ ಹೇಳೋದಿಲ್ಲ. ಅವರು ಇಲ್ಲೇ ಎರಡನೇ ಸಾಲಲ್ಲಿ, ಕಂಬದ ಪಕ್ಕ... ಬೇಡ ಬಿಡಿ. ಯಾರೂ ತಿರುಗಿ ನೋಡಬೇಡಿ.

ಪರೋಪಕಾರ ಮಾಡಿ ಅಂತ ಇವತ್ತು ನಾನು ಹೇಳೋದಿಲ್ಲ. ಅದನ್ನ ನೀವು ಮಾಡ್ತೀರಿ, ನನಗೆ ಗೊತ್ತು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದರೆ ಬಿಸಿನೀರು ಕಾಯಿಸಿ ಕೊಡ್ತೀರಿ. ಯಾರದೋ ಮಗಳ ಮದುವೆಗೆ ಚಪ್ಪರ ಹಾಕಿಸ್ತೀರಿ. ಸಂತೋಷ. ಇವತ್ತು ಅದಕ್ಕಿಂತ ಕಷ್ಟದ ಒಂದು ಕೆಲಸ ಹೇಳ್ತೀನಿ. ಅದು ಎಷ್ಟು ಕಷ್ಟ ಅಂತ ತಿಳೀಬೇಕಾದರೆ ಒಂದು ಕಥೆ ಕೇಳಬೇಕು.

ಒಂದೂರು. ಆ ಊರಲ್ಲೊಬ್ಬ ಶ್ರೀಮಂತ. ಕಥೆಯಲ್ಲಿ ಶ್ರೀಮಂತ ಇಲ್ಲದಿದ್ದರೆ ನಿಮಗೆ ನಿದ್ದೆ ಬರುತ್ತೆ, ಅದಕ್ಕೇ ಇಟ್ಟಿದ್ದೀನಿ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನು ಯಾರ ಪೈಕಿ, ಯಾರ ಮನೆ ಅಳಿಯ ಅಂತ ಹುಡುಕೋಕೆ ಶುರು ಮಾಡ್ತೀರಿ, ಕಥೆ ಅಲ್ಲೇ ನಿಲ್ಲುತ್ತೆ. ಊರವರು ಅವನನ್ನ ಸಾಹುಕಾರ ಅಂತಿದ್ದರು, ನಾವೂ ಹಾಗೇ ಅನ್ನೋಣ. ಅವನದೊಂದು ಎಣ್ಣೆ ಗಿರಣಿ ಇತ್ತು. ಗಿರಣಿಗೆ ಹೋದರೆ "ಸಾಹುಕಾರ್ರೇ", ಬೀದಿಗೆ ಬಂದರೆ "ಸಾಹುಕಾರ್ರೇ", ಕ್ಷೌರದ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತರೂ "ಸಾಹುಕಾರ್ರೇ, ಸ್ವಲ್ಪ ತಲೆ ಎತ್ತಿ". ಮನುಷ್ಯನಿಗೆ ಎಷ್ಟು ಮರ್ಯಾದೆ ಸಿಕ್ಕಿತು ಅಂದರೆ, ಜೊತೆಗೆ ಕೂತು ಎರಡು ಮಾತಾಡೋಕೆ ಒಬ್ಬನೂ ಉಳಿಯಲಿಲ್ಲ.

ಆ ಊರಾಚೆ ಒಂದು ಬಡಾವಣೆ. ಬಡಾವಣೆ ಅಂದರೆ ಮನೆಗಳಿಲ್ಲ. ರಸ್ತೆ ಮಾಡಿ, ಡಾಂಬರು ಹಾಕಿ, ಬೀದಿದೀಪದ ಕಂಬ ನೆಟ್ಟ ಮೇಲೆ ಜಾಗದ ವ್ಯಾಜ್ಯ ಕೋರ್ಟಿಗೆ ಹೋಯ್ತು. ವಕೀಲರ ಮನೆಗಳು ಎದ್ದವು, ಅಲ್ಲಿ ಒಂದು ಮನೆಯೂ ಏಳಲಿಲ್ಲ. ಹಸನಾದ ರಸ್ತೆ, ಓಡಾಡೋಕೆ ಯಾರೂ ಇಲ್ಲ. ಆ ಖಾಲಿ ರಸ್ತೆಯ ಮೇಲೆ ಭಾನುವಾರ ಬೆಳಿಗ್ಗೆ ಕೆಲವರು ಸೇರ್ತಿದ್ದರು. ಯಾಕೆ? ವಿಮಾನ ಹಾರಿಸೋಕೆ.

ನಗಬೇಡಿ. ಪುಟ್ಟ ವಿಮಾನ, ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವಂಥದ್ದು. ಆದರೆ ಆಟಿಕೆ ಅಲ್ಲ, ನಿಜವಾದ ಎಂಜಿನ್ನು ಇರುತ್ತೆ ಅದಕ್ಕೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದು ಓಡೋದು ಯಾವುದರ ಮೇಲೆ ಗೊತ್ತಾ? ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿ ಹಾಕ್ತಾರೆ. ನಿಮ್ಮಜ್ಜಿ ಮೂಗು ಹಿಡಿದು ಕುಡಿಸ್ತಿದ್ದರಲ್ಲ, ಅದೇ ಹರಳೆಣ್ಣೆ. ನೀವು ಕುಡಿದು ಎಲ್ಲಿಗೆ ಓಡ್ತಿದ್ದಿರಿ ಅಂತ ನಾನು ಹೇಳೋದಿಲ್ಲ, ಆ ಎಂಜಿನ್ನು ಮಾತ್ರ ಆಕಾಶಕ್ಕೆ ಓಡುತ್ತೆ.

ಅಲ್ಲಿ ಸೇರ್ತಿದ್ದವರು ಮೂವರು. ಒಬ್ಬರು ನಿವೃತ್ತರಾದ ಹೆಡ್ ಮೇಷ್ಟ್ರು, ಗುಂಪಿಗೆಲ್ಲ ಹಿರಿಯರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಮತ್ತೊಬ್ಬ ಟೈಲರು, ಪೇಟೆಯಲ್ಲಿ ಅಂಗಡಿ ಇಟ್ಟವನು. ಹೊಂಗೆ ಮರದ ಕೆಳಗೆ ಒಂದು ಹಳೇ ಜಮಖಾನ ಹಾಸೋರು. ಹಾರಿಸೋದು ಸ್ವಲ್ಪ ಹೊತ್ತು, ಆಮೇಲೆ ಕೂತು ರಿಪೇರಿ ಮಾಡೋದೇ ಜಾಸ್ತಿ ಹೊತ್ತು. ಆ ಎಂಜಿನ್ನು ಇದೆಯಲ್ಲ, ನಮ್ಮ ಮನಸ್ಸಿನ ಹಾಗೆ. ನಿನ್ನೆ ಚೆನ್ನಾಗಿತ್ತು, ಇವತ್ತು ಮುನಿಸು. ಒಳಗೆ ಹರಳೆಣ್ಣೆ ಒಣಗಿ ಅಂಟು ಹಿಡಿದಿರುತ್ತೆ, ಎಲ್ಲೋ ಒಂದು ಕಣ ಧೂಳು ಸಿಕ್ಕಿರುತ್ತೆ.

ಆ ರಿಪೇರಿಗೊಂದು ಪದ್ಧತಿ ಇತ್ತು. ಇದನ್ನ ಚೆನ್ನಾಗಿ ಕೇಳಿಸ್ಕೊಳ್ಳಿ, ಕಥೆ ನಿಂತಿರೋದೇ ಇದರ ಮೇಲೆ. ಆ ಜಮಖಾನದ ಮೇಲೆ ಯಾರೂ ತಮ್ಮ ಎಂಜಿನ್ನನ್ನ ತಾವೇ ಬಿಚ್ಚಬಾರದು. ಪಕ್ಕದವನ ಕೈಗೆ ಇಟ್ಟು "ನೋಡು" ಅನ್ನಬೇಕು. ತನ್ನದನ್ನ ತಾನೇ ಬಿಚ್ಚಿದವನು ಮೊದಲೇ ಅಂದುಕೊಂಡ ರೋಗವನ್ನೇ ಕಂಡುಹಿಡೀತಾನೆ ಅಂತ ಮೇಷ್ಟ್ರು ಹೇಳೋರು. ಇನ್ನೊಂದು ಮಾತೂ ಇತ್ತು: ಮಾಲೀಕ ತಾನಾಗಿ ಕೈಗಿಟ್ಟು "ನೋಡು" ಅನ್ನೋವರೆಗೂ ಬೇರೆಯವರು ಅದನ್ನ ಮುಟ್ಟಬಾರದು. ಕೇಳದೆ ಕೊಟ್ಟ ಉಪಕಾರ ಅವರಲ್ಲಿ ಉಪಕಾರ ಅಲ್ಲ.

ಒಂದು ಭಾನುವಾರ ನಮ್ಮ ಸಾಹುಕಾರ ಕಾರಲ್ಲಿ ಆ ಕಡೆ ಹೋಗ್ತಾ ಇದ್ದ. ವಿಮಾನ ಕಂಡ, ಕಾರು ನಿಲ್ಲಿಸಿದ, ಇಳಿದ. ಮೇಷ್ಟ್ರು ಅವನನ್ನ ನೋಡಿ, "ಏನಪ್ಪಾ, ಬಿಸಿಲಲ್ಲಿ ಯಾಕೆ ನಿಂತೆ, ಬಾ ಕೂತ್ಕೋ" ಅಂದರು. ಏನಪ್ಪಾ! ಎಷ್ಟು ವರ್ಷ ಆಗಿತ್ತೋ ಯಾರಾದರೂ ಅವನನ್ನ "ಏನಪ್ಪಾ" ಅಂದು. ಟೈಲರು ಜಮಖಾನದ ಮೇಲೆ ಜರುಗಿ ಜಾಗ ಕೊಟ್ಟು, "ಅಣ್ಣ, ಟೀ ಕುಡೀತೀರಾ" ಅಂತ ಫ್ಲಾಸ್ಕಿನ ಮುಚ್ಚಳದಲ್ಲೇ ಬಗ್ಗಿಸಿ ಕೊಟ್ಟ. ಸಾಹುಕಾರ ಮನೆಯಲ್ಲಿ ಬೆಳ್ಳಿ ಲೋಟದಲ್ಲಿ ಕುಡಿಯೋನು. ಆ ಮುಚ್ಚಳದ ಟೀ ಅವನ ಎದೆಗೆ ಇಳೀತು. ಅವತ್ತಿನಿಂದ ಭಾನುವಾರ ಯಾವಾಗ ಬರುತ್ತೋ ಅಂತ ಕಾಯೋಕೆ ಶುರುಮಾಡಿದ.

ಆದರೆ ಸ್ವಭಾವ ಎಲ್ಲಿಗೆ ಹೋಗುತ್ತೆ ಸ್ವಾಮೀ? ಮಾರನೇ ವಾರವೇ ಒಂದು ಡಬ್ಬ ಹರಳೆಣ್ಣೆ ತಂದ. ಅದರ ಮುಂದಿನ ವಾರ ಸ್ಪ್ಯಾನರುಗಳ ದೊಡ್ಡ ಪೆಟ್ಟಿಗೆ ತಂದ. ಗಿರಣಿ ನಡೆಸಿದವನು, ನಟ್ಟು ಬೋಲ್ಟು ಅಂದರೆ ಕೈ ಚುರುಕು. ಬೇಗ ಕಲಿತ. ಟೈಲರ ಎಂಜಿನ್ನು ಅಂಟು ಹಿಡಿದು ಅಲ್ಲಾಡದೆ ಕೂತಾಗ, ಬಿಸಿ ಮಾಡಿ, ಎಣ್ಣೆ ಬಿಟ್ಟು, ಹದವಾಗಿ ಬಿಡಿಸಿಕೊಟ್ಟವನು ಅವನೇ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಒಳ್ಳೇದೇ ಮಾಡಿದ. ಆದರೆ ಪದ್ಧತಿ? ಬೇರೆಯವರು "ನೋಡು" ಅನ್ನೋದಕ್ಕೆ ಮೊದಲೇ ಇವನ ಕೈ ಅವರ ಎಂಜಿನ್ನಿನ ಮೇಲೆ ಇರುತ್ತಿತ್ತು. ಕೊಡಿ ಇಲ್ಲಿ, ನಿಮಗೆ ಆಗಲ್ಲ, ಅಂತ ಕಿತ್ತುಕೊಳ್ಳೋನು. ರಿಪೇರಿ ಜೊತೆಗೆ ಉಪದೇಶ ಬಿಟ್ಟಿ. ಇಂಥವರು ನಿಮ್ಮ ಮನೆಯಲ್ಲೂ ಇರ್ತಾರೆ. ಅತ್ತೆ ಇರಬಹುದು, ದೊಡ್ಡಣ್ಣ ಇರಬಹುದು, ಕನ್ನಡಿಯಲ್ಲೂ ಇರಬಹುದು. ಮೂವರೂ ಸಹಿಸಿಕೊಂಡರು. ಮನುಷ್ಯ ಒಳ್ಳೆಯವನು, ಕೈ ಸ್ವಲ್ಪ ಅವಸರ, ಅಂತ ಬಿಟ್ಟರು.

ಸಾಹುಕಾರನೂ ಮನೆಯಲ್ಲಿ ಒಂದು ವಿಮಾನ ಕಟ್ಟಿದ. ಎಲ್ಲರದಕ್ಕಿಂತ ಉದ್ದದ ರೆಕ್ಕೆ. ಅದಕ್ಕೊಂದು ಹೊಚ್ಚ ಹೊಸ ಎಂಜಿನ್ನು ತರಿಸಿದ. ಪೆಟ್ಟಿಗೆ ಬಿಚ್ಚಿ, ಬೆರಳಲ್ಲಿ ತಿರುಗಿಸಿ ನೋಡ್ತಾನೆ, ತಿರುಗುತ್ತಾ ತಿರುಗುತ್ತಾ ಒಂದು ಕಡೆ ಕಚ್ಚಿಕೊಂಡು ನಿಲ್ಲುತ್ತೆ! ಒಳಗೆ ಮೇಲೆ ಕೆಳಗೆ ಓಡಾಡೋ ಪಿಸ್ಟನ್ನು, ಬೆರಳ ತುದಿಯಷ್ಟಿರೋದು, ಮೇಲೆ ಬಂದಾಗ ಬಿಗಿಯಾಗ್ತಿದೆ.

ಈಗ ಒಂದು ಗುಟ್ಟು ಹೇಳ್ತೀನಿ. ಹೊಸ ಎಂಜಿನ್ನು ಹಾಗೇ ಇರಬೇಕು. ತಣ್ಣಗಿದ್ದಾಗ ಮೇಲೆ ಬಿಗಿ. ಓಡಿ ಬಿಸಿಯಾದ ಮೇಲೆ ತಾನಾಗಿ ಹದಕ್ಕೆ ಬರುತ್ತೆ. ಆ ಬಿಗಿಯೇ ಅದರ ಶಕ್ತಿ. ಸಾಹುಕಾರನಿಗೆ ಇದು ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ಅವನು ಅಲ್ಲಿತನಕ ಬಿಚ್ಚಿದ್ದೆಲ್ಲ ಬೇರೆಯವರ ಹಳೇ ಎಂಜಿನ್ನು, ಓಡಿ ಓಡಿ ಪಳಗಿದ್ದು. ಹೊಸದನ್ನ ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಒಂದು ಮಾತು ಕೇಳಿದ್ದರೆ ಮೇಷ್ಟ್ರು ಹೇಳ್ತಿದ್ದರು, ಡಾಕ್ಟರು ಹೇಳ್ತಿದ್ದರು, ಟೈಲರೂ ಹೇಳ್ತಿದ್ದ. ಆದರೆ ಎಲ್ಲರಿಗೂ ಉಪದೇಶ ಮಾಡಿದ ಬಾಯಲ್ಲಿ "ಇದೇನು" ಅಂತ ಕೇಳೋದು ಹೇಗೆ? ಕೇಳಲಿಲ್ಲ. ಲೋಹ ಉಜ್ಜೋ ನುಣುಪಾದ ಎಮರಿ ಕಾಗದ ತಗೊಂಡು, ಬಾಗಿಲು ಹಾಕಿಕೊಂಡು, ಆ ಪಿಸ್ಟನ್ನನ್ನ ಉಜ್ಜಿದ. ಉಜ್ಜಿದ, ಉಜ್ಜಿದ, ಕನ್ನಡಿಯ ಹಾಗೆ ಹೊಳೆಯೋವರೆಗೂ ಉಜ್ಜಿದ. ಜೋಡಿಸಿ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿದ.

ಭಾನುವಾರ ಬಂತು. ಆ ವಿಮಾನ ಚಾಲೂ ಮಾಡೋಕೆ ಇಬ್ಬರು ಬೇಕು. ಒಬ್ಬ ಹಿಂದೆ ಬಾಲ ಹಿಡಿದು ಕೂರಬೇಕು, ಇನ್ನೊಬ್ಬ ಮುಂದಿನ ಫ್ಯಾನಿಗೆ ಏಟು ಕೊಡಬೇಕು. ಒಬ್ಬನೇ ಎರಡೂ ಮಾಡ್ತೀನಿ ಅಂದರೆ ಬೆರಳು ಹೋಗುತ್ತೆ. ಮೇಷ್ಟ್ರು ಬಾಲ ಹಿಡಿದರು, ಸಾಹುಕಾರ ಫ್ಯಾನು ತಿರುಗಿಸಿದ. ಆರೋಗ್ಯವಂತ ಎಂಜಿನ್ನಾದರೆ "ಟಪ್" ಅಂತ ಬೆರಳನ್ನ ತಿರುಗಿ ತಳ್ಳುತ್ತೆ. ಇದು "ಸುಯ್" ಅಂತ ಗಾಳಿಗೆ ತಿರುಗಿದ ಹಾಗೆ ತಿರುಗಿತು. ಒಳಗೆ ದಮ್ಮೇ ಇಲ್ಲ. ಎಲ್ಲ ಪಕ್ಕದಿಂದ ಸೋರಿಹೋಗ್ತಿದೆ. ಟೈಲರು ಡಾಕ್ಟರ ಮುಖ ನೋಡಿದ, ಡಾಕ್ಟರು ಹೊಂಗೆ ಮರ ನೋಡಿದರು. ಅಲ್ಲಿದ್ದವರಿಗೆಲ್ಲ ಕಿವಿ ಇತ್ತು. ಮೇಷ್ಟ್ರು ಮಾತ್ರ ಮೆತ್ತಗೆ ಕೇಳಿದರು:

"ಏನಪ್ಪಾ, ಯಾರಾದರೂ ನೋಡಬೇಕಾ?"

ನೋಡಿ, ಬಾಗಿಲು ತೆರೆದಿದೆ. ಹೌದು ಅಂದರೆ ಮುಗೀತು. ನಮ್ಮ ಸಾಹುಕಾರ ಏನಂದ? "ಏನಿಲ್ಲ ಮೇಷ್ಟ್ರೇ, ಹರಳೆಣ್ಣೆ ಸರಿಯಿಲ್ಲ." ಆ ಹರಳೆಣ್ಣೆ ಯಾರ ಗಿರಣಿಯದು? ಅವನದೇ! ಮಾನ ಉಳಿಸ್ಕೊಳ್ಳೋಕೆ ಗಿರಣಿ ಹೆಸರನ್ನೂ ಮಾರಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಹಣ ಇದೆ, ಇನ್ನೊಂದು ಎಂಜಿನ್ನು ತರಿಸಿದ. ಅದೂ ಮೇಲೆ ಬಿಗಿ! ಅವನಿಗೆ ಏನು ಅನ್ನಿಸಬೇಕಿತ್ತು? ಎರಡಕ್ಕೆ ಎರಡೂ ಹೀಗಿದ್ದರೆ ಇದರಲ್ಲೇನೋ ಮರ್ಮ ಇದೆ ಅಂತ ಅನ್ನಿಸಬೇಕಿತ್ತು. ಅವನಿಗೆ ಅನ್ನಿಸಿದ್ದು, ಈ ಕಂಪನಿಯವರಿಗೆ ಬುದ್ಧಿಯೇ ಇಲ್ಲ ಅಂತ. ಹೋದ ಸಲ ಉಜ್ಜಿದ್ದು ಹೆಚ್ಚಾಯ್ತು, ಈ ಸಲ ಹಗುರವಾಗಿ ಉಜ್ಜೋಣ ಅಂತ ಮತ್ತೆ ಬಾಗಿಲು ಹಾಕಿಕೊಂಡ. ಅದೂ ಹಾಳಾಯ್ತು. ಬಾಗಿಲು ಹಾಕ್ಕೊಂಡು ಮಾಡಿದ ರಿಪೇರಿಯೆಲ್ಲ ಹೀಗೇ. ಒಂದನ್ನ ಹಾಳು ಮಾಡಿದ್ದು ಯಾಕೆ ಅಂತ ತಿಳಿಯದೆ ಇನ್ನೊಂದನ್ನ ಹಾಳು ಮಾಡ್ತೀವಿ.

ಈಗ ಅವನ ಹೆಂಡತಿಯ ವಿಷಯಕ್ಕೆ ಬರೋಣ. ಆಯಮ್ಮ ಇಷ್ಟು ದಿನ ಗಂಡನ ಅಂಗಿಯ ಹರಳೆಣ್ಣೆ ವಾಸನೆ ಸಹಿಸಿದ್ದಳು. ವಿಮಾನ ಹಾರೋ ದಿನ ಹೇಳಿ, ನಮ್ಮಕ್ಕನನ್ನೂ ಕರ್ಕೊಂಡು ಬರ್ತೀನಿ, ಅಂತ ದಿನಾ ಕೇಳೋಕೆ ಶುರುಮಾಡಿದಳು. ಎಂಜಿನ್ನು ಕಂಪನಿಗೆ ವಾಪಸು ಹೋಗಿದೆ ಅಂತ ಒಂದು ಸುಳ್ಳು ಹೇಳಿದ. ಸುಳ್ಳು ಹೇಳಿದ ಮೇಲೆ ಎಂಜಿನ್ನು ಮನೆಯಲ್ಲಿ ಕಾಣಬಾರದಲ್ಲ? ಎರಡನ್ನೂ ಟವೆಲಿನಲ್ಲಿ ಸುತ್ತಿ ಬಚ್ಚಿಟ್ಟ. ಎಲ್ಲಿ? ಅಡುಗೆಮನೆಯ ಅಕ್ಕಿ ಡ್ರಮ್ಮಿನ ತಳದಲ್ಲಿ!

ತಾಯಂದಿರು ನಗ್ತಾ ಇದ್ದೀರಿ. ಗಂಡಸರು ಯಾಕೆ ನಗು ಅಂತ ನೋಡ್ತಾ ಇದ್ದೀರಿ. ಜನ್ಮದಲ್ಲಿ ಒಂದು ಪಾವು ಅಕ್ಕಿ ಅಳೆದವನಲ್ಲ, ಡ್ರಮ್ಮಿನಷ್ಟು ಗುಪ್ತವಾದ ಜಾಗ ಲೋಕದಲ್ಲೇ ಇಲ್ಲ ಅಂದುಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಕೆಲವು ದಿನದಲ್ಲಿ ಅನ್ನಕ್ಕೆ ಹರಳೆಣ್ಣೆ ವಾಸನೆ ಹತ್ತಿತು. ಊಟಕ್ಕೆ ಕೂತರೆ ಗೊತ್ತಾಗುತ್ತೆ. ಕಾರಣ ಗೊತ್ತಿದ್ದವನು ಒಬ್ಬನೇ. ಹೆಂಡತಿ ಕೇಳೋದಕ್ಕೆ ಮೊದಲೇ, "ಅನ್ನ ಇವತ್ತು ಬಹಳ ಚೆನ್ನಾಗಿದೆ" ಅಂದುಬಿಟ್ಟ. ಮದುವೆಯಾದಾಗಿನಿಂದ ಅಡುಗೆ ಚೆನ್ನಾಗಿದೆ ಅಂತ ಒಂದು ದಿನ ಅಂದವನಲ್ಲ. ಆಯಮ್ಮನಿಗೆ ಅಲ್ಲೇ ಅನುಮಾನ ಬಂತು. ಮಧ್ಯಾಹ್ನ ಡ್ರಮ್ಮಿಗೆ ಕೈ ಹಾಕಿದಳು. ಸಿಕ್ಕಿತು. ಎಲ್ಲಿತ್ತೋ ಅಲ್ಲೇ ಇಟ್ಟಳು. ಗಂಡ ಏನು ಮಾಡ್ತಾನೆ ನೋಡೋಣ ಅಂತ ಅದೇ ಅಕ್ಕಿಯಲ್ಲಿ ಅನ್ನ ಮಾಡಿ ಹಾಕಿದಳು. ಅವನು ದಿನಾ ಹೊಗಳಿಕೊಂಡು ಉಂಡ.

ಭಾನುವಾರ ಹೋಗೋದನ್ನ ಬಿಟ್ಟುಬಿಟ್ಟ. ಗಿರಣಿಯಲ್ಲಿ ಕೆಲಸ ಅಂದ, ಸೊಂಟ ಹಿಡಿದಿದೆ ಅಂದ. ಮನೆಯಲ್ಲಿ ಕೂತು ಕೆಟ್ಟಿರದ ಮಿಕ್ಸಿ ಬಿಚ್ಚಿದ. ಅದು ಕೆಟ್ಟಿತು. ಹಾಲಿನವನು ಬಂದು ಸಾಹುಕಾರ್ರೇ ಅಂದ, ಪೇಪರಿನವನು ಬಂದು ಸಾಹುಕಾರ್ರೇ ಅಂದ. ಯಾರೂ ಏನಪ್ಪಾ ಅನ್ನಲಿಲ್ಲ. ಫ್ಲಾಸ್ಕಿನ ಮುಚ್ಚಳದ ಟೀ ನೆನಪಾಗೋದು. ಅಷ್ಟು ದೊಡ್ಡ ಮನೆಯಲ್ಲಿ ಅವನಿಗೆ ಆ ಹರಕು ಜಮಖಾನದಷ್ಟು ಜಾಗ ಸಿಗಲಿಲ್ಲ.

ಒಂದು ದಿನ ಸಂಜೆ ಟೈಲರು ಅಂಗಡಿ ಮುಚ್ಚಿ ಅವನ ಮನೆ ಗೇಟಿನ ಹತ್ತಿರ ಬಂದ. ಸಾಹುಕಾರ ಕಿಟಕಿಯಿಂದ ನೋಡಿ, ಹೆಂಡತಿಗೆ "ಇಲ್ಲ ಅನ್ನು" ಅಂತ ಸನ್ನೆ ಮಾಡಿ, ಬಾಗಿಲ ಹಿಂದೆ ನಿಂತ. ಟೈಲರ ಮಾತು ಕೇಳಿಸಿತು. ಅಣ್ಣ ಹುಷಾರಾಗಿದ್ದಾರಾ ಅತ್ತಿಗೆ, ಬಹಳ ದಿನ ಆಯ್ತು ನೋಡಿ, ಅಂತ ಕೇಳ್ತಿದ್ದ. ಆಯಮ್ಮ ಇಲ್ಲ ಅಂದಳು. ಅವನು ಬಂದಿದ್ದೆ ಅಂತ ಹೇಳಿ ಅಂದು ಹೋದ. ಬಾಗಿಲ ಹಿಂದೆ ನಿಂತವನು ಚಿಲಕದ ಮೇಲೆ ಕೈಯಿಟ್ಟ. ಹೋಗಿ ಕರೀಬೇಕು ಅನ್ನಿಸಿತು. ಕಾಲು ಏಳಲಿಲ್ಲ. ಒಂದು ಎಂಜಿನ್ನಿನ ಮಾನಕ್ಕೆ ಇಂಥ ಸ್ನೇಹವನ್ನ ಗೇಟಿನಿಂದಲೇ ವಾಪಸು ಕಳಿಸಿದೆನಲ್ಲ ಅಂತ ಆ ಕ್ಷಣ ಅವನಿಗೆ ನಿಜವಾಗಿ ದುಃಖವಾಯ್ತು.

ಮಾರನೇ ಬೆಳಿಗ್ಗೆಯೇ ಭಾನುವಾರ. ಹೆಂಡತಿ ಉಪ್ಪಿಟ್ಟು ತಂದಿಟ್ಟಳು. ತಟ್ಟೆ ಪಕ್ಕ ಒಂದು ಟವೆಲಿನ ಗಂಟು ಇಟ್ಟಳು. ಅಕ್ಕಿ ಕಾಳು ಅಂಟಿಕೊಂಡಿರೋ ಗಂಟು. ಸಾಹುಕಾರ ಅದನ್ನ ನೋಡಿದ, ಉಪ್ಪಿಟ್ಟು ನೋಡಿದ, ಉಪ್ಪಿಟ್ಟು ಚೆನ್ನಾಗಿದೆ ಅನ್ನೋಕೆ ಬಾಯಿ ತೆರೆದ.

"ಸಾಕು ಮಾಡಿ," ಅಂದಳು ಆಯಮ್ಮ. "ಊರಿನವರ ಎಂಜಿನ್ನೆಲ್ಲ ಬಿಚ್ಚಿದಿರಿ. ನಿಮ್ಮದನ್ನ ಮಾತ್ರ ನನ್ನ ಅಕ್ಕಿ ಒಳಗೆ ಹೂತಿಟ್ರಿ. ನೆನ್ನೆ ಆ ಮನುಷ್ಯನ ಮುಖ ನೋಡಿ ಸುಳ್ಳು ಹೇಳ್ದೋಳು ನಾನು ಕಣ್ರೀ. ಇನ್ನೊಂದು ಸಲ ಹೇಳಲ್ಲ."

ಇವನು ಮೆಲ್ಲಗೆ ಅಂದ, "ಅವರು ನಗ್ತಾರೆ."

"ನಗಲಿ. ಅವರ ರಿಪೇರಿ ನೆನೆಸ್ಕೊಂಡು ನೀವು ಮನೆಯಲ್ಲಿ ಎಷ್ಟು ಸಲ ನಕ್ಕಿಲ್ಲ?"

ಉಪ್ಪಿಟ್ಟು ಅಲ್ಲೇ ಉಳೀತು. ಗಂಟು ತಗೊಂಡು, ವಿಮಾನ ಕಾರಿಗೆ ಹಾಕಿಕೊಂಡು ಹೊರಟ.

ಹೊಂಗೆ ಮರದ ಕೆಳಗೆ ಮೂವರೂ ಕೂತಿದ್ದರು. ಇವನನ್ನ ಕಂಡು ಯಾರೂ ಎಲ್ಲಿ ಹೋಗಿದ್ದೆ ಅಂತ ಕೇಳಲಿಲ್ಲ. ಟೈಲರು ಜರುಗಿ ಜಾಗ ಮಾಡಿದ. ಇವನು ಕೂರಲಿಲ್ಲ, ನಿಂತೇ ಇದ್ದ. ಟವೆಲು ಬಿಚ್ಚಿ ಒಂದು ಎಂಜಿನ್ನನ್ನ ಅಂಗೈ ಮೇಲಿಟ್ಟು ಚಾಚಿದ. ನೋಡಿ, ಆ ಕೈ ಕೊಟ್ಟೂ ಕೊಟ್ಟೂ ಅಭ್ಯಾಸವಾದ ಕೈ. ಹುಂಡಿಗೆ ಹಾಕೋವಾಗಲೂ ಮೇಲೆ, ಕೂಲಿ ಕೊಡೋವಾಗಲೂ ಮೇಲೆ. ಹೀಗೆ ಅಂಗೈ ಆಕಾಶಕ್ಕೆ ತಿರುಗಿಸಿ, ಒಬ್ಬರ ಮುಂದೆ ಚಾಚಿದ್ದು ಅವನಿಗೆ ನೆನಪಿರೋ ಹಾಗೆ ಅದೇ ಮೊದಲು.

"ನೋಡು," ಅಂದ ಟೈಲರಿಗೆ. "ನಾನೇ ಹಾಳು ಮಾಡಿದ್ದೀನಿ. ಇನ್ನೊಂದೂ ಇದೆ."

ಟೈಲರು ಎರಡೂ ಕೈಯಲ್ಲಿ ತಗೊಂಡ. ಜಮಖಾನದ ಮೇಲಿಟ್ಟು ಬಿಚ್ಚಿದ. ಕನ್ನಡಿಯ ಹಾಗೆ ಹೊಳೆಯೋ ಪಿಸ್ಟನ್ನು ಹೊರಗೆ ಬಂತು. ಅವನು ಅದನ್ನ ಡಾಕ್ಟರಿಗೆ ಕೊಟ್ಟ, ಡಾಕ್ಟರು ಮೇಷ್ಟ್ರಿಗೆ ಕೊಟ್ಟರು. ಸಾಹುಕಾರನಿಗೆ ಭೂಮಿ ಬಾಯಿ ತೆರೆದರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಟೈಲರು ಎದ್ದು ಹೋಗಿ, ತನ್ನ ಸ್ಕೂಟರಿನ ಡಿಕ್ಕಿಯಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದ. ಅಲ್ಲಾಡಿಸಿದ. ಒಳಗೆ ಗಲಗಲ ಅಂತು. ಮುಚ್ಚಳ ತೆಗೆದು ಜಮಖಾನದ ಮೇಲೆ ಸುರಿದ.

ಏನದು? ಪಿಸ್ಟನ್ನುಗಳು! ಒಂದಕ್ಕಿಂತ ಒಂದು ಹೊಳೀತಾ ಇವೆ. ಎಲ್ಲವೂ ಎಮರಿ ಕಾಗದದಲ್ಲಿ ಉಜ್ಜಿ ಹಾಳು ಮಾಡಿದ್ದು.

ಮೇಷ್ಟ್ರು ಒಂದನ್ನ ಎತ್ತಿಕೊಂಡು ಇದು ನನ್ನದು ಅಂದರು. ಪಕ್ಕದ್ದನ್ನ ಎತ್ತಿ, ಇದೂ ನನ್ನದೇ, ಒಂದರಲ್ಲಿ ಬುದ್ಧಿ ಬರಲಿಲ್ಲ ಅಂದರು. ಡಾಕ್ಟರು, "ಹಲ್ಲನ್ನ ಉಜ್ಜಿ ಉಜ್ಜಿ ಸವೆಸ್ಕೋಬೇಡಿ ಅಂತ ದಿನಾ ಜನಕ್ಕೆ ಹೇಳೋನು ನಾನು. ಇದನ್ನ ಉಜ್ಜಿದೋನೂ ನಾನೇ" ಅಂದರು. ಟೈಲರು ತನ್ನದನ್ನ ತೋರಿಸಿ, ಬಿಗಿ ಅಂದರೆ ಸಡಿಲ ಮಾಡೋದು ನನ್ನ ಕಸುಬಲ್ವಾ ಅಣ್ಣ, ಅಭ್ಯಾಸಬಲ ಅಂದ. ಎಲ್ಲರೂ ನಕ್ಕರು. ಸಾಹುಕಾರ ನಗೋಕೆ ಹೋದ, ಕಣ್ಣಲ್ಲಿ ನೀರು ಬಂತು.

"ಗೊತ್ತಿತ್ತಲ್ಲ ನಿಮಗೆ? ಮೊದಲನೇ ದಿನವೇ ಯಾಕೆ ಹೇಳಲಿಲ್ಲ?" ಅಂದ.

ಮೇಷ್ಟ್ರು ಅಂದರು, "ಯಾರಾದರೂ ನೋಡಬೇಕಾ ಅಂತ ಕೇಳಿದ್ದೆನಲ್ಲಪ್ಪ. ನೀನು ಏನಿಲ್ಲ ಅಂದೆ. ಏನಿಲ್ಲ ಅಂದವನ ಕೈಯಿಂದ ಕಿತ್ಕೊಳ್ಳೋದು ನಮ್ಮಲ್ಲಿ ಇಲ್ಲ."

ಟೈಲರು ತಲೆ ತಗ್ಗಿಸಿ ಎಂಜಿನ್ನು ಒರೆಸ್ತಾ ಕೂತಿದ್ದ. ತಲೆ ಎತ್ತದೆ ಹೇಳಿದ, "ನನ್ನ ಎಂಜಿನ್ನು ನೀವು ಎಷ್ಟು ಸಲ ಸರಿ ಮಾಡಿಕೊಟ್ರಿ ಅಣ್ಣ. ಒಂದು ಸಲನಾದ್ರೂ ನಿಮ್ಮದನ್ನ ನನ್ನ ಕೈಗೆ ಕೊಡ್ತೀರಾ ಅಂತ ಕಾಯ್ತಾ ಇದ್ದೆ. ಕೊಡಲಿಲ್ಲ. ನನ್ನ ಕೈಮೇಲೆ ನಿಮಗೆ ನಂಬಿಕೆ ಇಲ್ಲ ಅಂದ್ಕೊಂಡಿದ್ದೆ."

ಈ ಮಾತನ್ನ ಇನ್ನೊಂದು ಸಲ ಮನಸ್ಸಲ್ಲಿ ಹೇಳಿಕೊಳ್ಳಿ. ಸಾಹುಕಾರ ತನ್ನ ಮಾನ ಕಾಪಾಡ್ಕೊಳ್ತಾ ಇದ್ದೀನಿ ಅಂದ್ಕೊಂಡಿದ್ದ. ಅಷ್ಟು ದಿನ ಹೋಗ್ತಾ ಇದ್ದದ್ದು ಯಾರ ಮಾನ? ಟೈಲರದು. ಬರೀ ಕೊಡೋನು, ತಗೊಳ್ಳದೇ ಇರೋನು, ಎದುರಿಗಿದ್ದವನಿಗೆ ದಿನಾ ಏನು ಹೇಳ್ತಾನೆ? ನಿನ್ನ ಹತ್ತಿರ ನನಗೆ ಬೇಕಾದ್ದು ಏನೂ ಇಲ್ಲ ಅಂತ ಹೇಳ್ತಾನೆ. ಬಾಯಲ್ಲಿ ಹೇಳೋದಿಲ್ಲ, ಕೈಯಲ್ಲಿ ಹೇಳ್ತಾನೆ.

ಡಾಕ್ಟರ ಹತ್ತಿರ ಅದೇ ಜಾತಿಯ ಎಂಜಿನ್ನು ಒಂದು ಇತ್ತು. ವಿಮಾನ ನೆಲಕ್ಕೆ ಬಿದ್ದು ಮೈ ಬಿರುಕು ಬಿಟ್ಟಿತ್ತು, ಒಳಗಿನ ಭಾಗ ಚೆನ್ನಾಗಿತ್ತು. ಅದರ ಪಿಸ್ಟನ್ನು, ಅದರ ಸುತ್ತಿನ ಕೊಳವೆ, ಎರಡನ್ನೂ ತೆಗೆದು ಇದಕ್ಕೆ ಕೂರಿಸಿದರು. ಜೋಡಿಸಿದ್ದು ಟೈಲರು. ಸಾಹುಕಾರ ಎರಡು ಸಲ ಕೈ ಮುಂದೆ ತಂದ, ಎರಡು ಸಲವೂ ತಾನೇ ಹಿಂದಕ್ಕೆ ತಗೊಂಡು ತೊಡೆ ಕೆಳಗೆ ಇಟ್ಟುಕೊಂಡು ಕೂತ. ಮುಗಿದ ಮೇಲೆ ಅಭ್ಯಾಸಬಲದಿಂದ ಕೈ ಜೇಬಿನ ಕಡೆ ಹೋಯ್ತು. ಮೇಷ್ಟ್ರು ಆ ಕೈಯನ್ನ ಒಂದು ಸಲ ನೋಡಿದರು. ಕೈ ಬರಿದಾಗೇ ಹೊರಗೆ ಬಂತು. ಆಮೇಲೆ ಇನ್ನೊಂದು ಎಂಜಿನ್ನನ್ನೂ ಟೈಲರ ಕೈಯಲ್ಲಿ ಬಿಚ್ಚಿಸಿ, ತನ್ನ ಎರಡೂ ಹಾಳು ಪಿಸ್ಟನ್ನುಗಳನ್ನ ಬಿಸ್ಕತ್ತಿನ ಡಬ್ಬಿಗೆ ತಾನೇ ಹಾಕಿ ಮುಚ್ಚಳ ಮುಚ್ಚಿದ.

ಮುಂದಿನ ಭಾನುವಾರ ಹೆಂಡತಿ, ಅವಳ ಅಕ್ಕ, ಇಬ್ಬರೂ ಬಂದು ಹೊಂಗೆ ಮರದ ಕೆಳಗೆ ಕೂತರು. ಟೈಲರು ಬಾಲ ಹಿಡಿದ. ಸಾಹುಕಾರ ಫ್ಯಾನಿಗೆ ಏಟು ಕೊಟ್ಟ. "ಟಪ್" ಅಂತು. ಇನ್ನೊಂದು ಏಟಿಗೆ ಹಿಡೀತು. ಡಾಕ್ಟರ ಪಿಸ್ಟನ್ನು, ಟೈಲರ ಜೋಡಣೆ, ಮೇಷ್ಟ್ರ ಆಶೀರ್ವಾದ, ಸಾಹುಕಾರನ ಹರಳೆಣ್ಣೆ, ಎಲ್ಲ ಸೇರಿ ಮನೆಗಳಿಲ್ಲದ ಆ ಬಡಾವಣೆಯ ಮೇಲೆ ಎದ್ದು ಸುತ್ತು ಹೊಡೀತು. ಹೆಂಡತಿ ಸೆರಗು ಅಡ್ಡ ಹಿಡಿದು ಆಕಾಶ ನೋಡಿ ನೋಡಿ, ಕೊನೆಗೆ ಅಂದಳು, "ಇಷ್ಟಕ್ಕಾ ನನ್ನ ಅಕ್ಕಿ ಹಾಳು ಮಾಡಿದ್ದು?" ಅಂದಳು, ಆದರೆ ಕಣ್ಣು ಕೆಳಗೆ ಇಳಿಸಲಿಲ್ಲ.

ಕಥೆ ಮುಗೀತು. ಸಾಹುಕಾರನನ್ನ ನೋಡಿ ಚೆನ್ನಾಗಿ ನಕ್ಕಿರಿ. ಈಗ ನಿಮ್ಮ ಮನೆಯ ಅಕ್ಕಿ ಡ್ರಮ್ಮಿಗೆ ಬರೋಣ. ಯಾಕೆ, ನಗು ನಿಂತುಹೋಯ್ತಲ್ಲ?

ಅದರ ತಳದಲ್ಲಿ ಏನು ಬಚ್ಚಿಟ್ಟಿದ್ದೀರಿ? ಒಬ್ಬ ತಾಯಿಗೆ ಬೆನ್ನು ನೋವು, ಬಿಂದಿಗೆ ಎತ್ತೋಕಾಗಲ್ಲ. ಸೊಸೆ ಏನಾಯ್ತು ಅತ್ತೆ ಅಂದರೆ "ಏನಿಲ್ಲ". ಒಬ್ಬ ಯಜಮಾನರಿಗೆ ಅಕ್ಷರ ಸರಿಯಾಗಿ ಕಾಣಿಸೋದೇ ಇಲ್ಲ, ಬ್ಯಾಂಕಿನಿಂದ ಬಂದ ಕಾಗದವನ್ನ ಓದಿದ ಹಾಗೆ ಮಾಡಿ ಮಡಿಸಿ ಇಡ್ತಾರೆ. ಮಗಳು ಏನಪ್ಪಾ ಅದು ಅಂದರೆ "ಏನಿಲ್ಲಮ್ಮ". ಇನ್ನು ಕೆಲವರು ಹೊರಗೆ ನಗುನಗುತ್ತಾ ಎಲ್ಲರ ಕಷ್ಟ ಕೇಳ್ತಾರೆ, ಮನೆಗೆ ಬಂದು ಬಾಗಿಲು ಹಾಕ್ಕೊಂಡು ತಮ್ಮ ಮನಸ್ಸನ್ನ ತಾವೇ ಉಜ್ಜಿ ಉಜ್ಜಿ ಸವೆಸ್ತಾರೆ. ಅನ್ನಕ್ಕೆ ವಾಸನೆ ಬಂದಿರುತ್ತೆ. ಮನೆಯವರಿಗೆಲ್ಲ ಗೊತ್ತಿರುತ್ತೆ. ನೀವು ಮಾತ್ರ ಅನ್ನ ಚೆನ್ನಾಗಿದೆ ಅಂತ ಉಣ್ತಾ ಇರ್ತೀರಿ.

ಈಗ ಸ್ವಲ್ಪ ಹೊತ್ತಲ್ಲಿ ತೀರ್ಥ ಕೊಡ್ತಾರೆ. ಹೇಗೆ ತಗೊಳ್ತೀರಿ? ಅಂಗೈ ಮೇಲೆ ಮಾಡಿ, ಬಗ್ಗಿ ತಗೊಳ್ತೀರಿ. ನಾನೂ ಹಾಗೇ ತಗೊಳ್ತೀನಿ, ಕೋಟ್ಯಧೀಶನೂ ಹಾಗೇ ತಗೊಳ್ತಾನೆ. ಆ ಕೈ ಸಣ್ಣದಾಯ್ತು ಅಂತ ಯಾರಾದರೂ ಅಂದಿದ್ದಾರಾ? ದೇವರ ಮುಂದೆ ಚಾಚಬಹುದಾದ ಕೈಯನ್ನ ಪಕ್ಕದ ಮನೆಯವನ ಮುಂದೆ ಚಾಚೋಕೆ ಏನು ಕಷ್ಟ? ದೇವರು ತಿರುಗಿ ನಗೋದಿಲ್ಲ ಅನ್ನೋ ಧೈರ್ಯವಾ?

ಹಾಗಾಗಿ ಈ ವಾರ ನೀವು ಮಾಡಬೇಕಾದ್ದು ಇದು. ದಾನ ಬೇಡ, ಧರ್ಮ ಬೇಡ, ಒಂದು ವಾರ ಅದಕ್ಕೆ ರಜೆ. "ಏನಿಲ್ಲ" ಅನ್ನೋದನ್ನ ಬಿಡಿ. ನಿಮ್ಮನ್ನ ಯಾರಾದರೂ ಏನಾಯ್ತು ಅಂತ ಕೇಳಿದರೆ, ಏನಾಯ್ತೋ ಅದನ್ನ ಹೇಳಿ. ಕೇಳದಿದ್ದರೆ ನೀವೇ ಹೋಗಿ, ನಿಮ್ಮಿಂದ ಸದಾ ಸಹಾಯ ತಗೊಂಡವರು ಒಬ್ಬರು ಇರ್ತಾರಲ್ಲ, ಅವರ ಹತ್ತಿರಾನೇ ಹೋಗಿ. ನಿಮ್ಮ ಕೆಟ್ಟ ಎಂಜಿನ್ನನ್ನ ಅವರ ಕೈಗಿಟ್ಟು "ನೋಡು" ಅನ್ನಿ. ಅವರು ನಗಬಹುದು. ನಕ್ಕು, ಎದ್ದು ಹೋಗಿ, ತಮ್ಮ ಬಿಸ್ಕತ್ತಿನ ಡಬ್ಬಿ ತರ್ತಾರೆ. ಆಗ ಗೊತ್ತಾಗುತ್ತೆ, ಹಾಳು ಮಾಡ್ಕೊಂಡವರು ನೀವೊಬ್ಬರೇ ಅಲ್ಲ ಅಂತ.

ನನ್ನ ಮಾತು ಮುಗೀತು. ಆದರೆ ಒಂದು ತೊಂದರೆ ಇದೆ. ಇಷ್ಟು ಹೊತ್ತು ಕಾಲು ಮಡಿಸಿ ಕೂತು ನನ್ನ ಎಡಗಾಲು ಜೋಮು ಹಿಡಿದಿದೆ. ಏಳೋಕೆ ಆಗ್ತಿಲ್ಲ. ಯಾರಾದರೂ ಬಂದು ಕೈ ಕೊಡಬೇಕು. ಇಲ್ಲ ಇಲ್ಲ, ಹುಡುಗರು ಬೇಡ, ಕೂತ್ಕೊಳ್ಳಿ. ಬೆಳಿಗ್ಗೆ ಮೆಟ್ಟಿಲ ಹತ್ತಿರ ಬೇಡ ಬೇಡ ಅಂದರಲ್ಲ, ಎರಡನೇ ಸಾಲು, ಕಂಬದ ಪಕ್ಕ, ಆ ಯಜಮಾನರು ಬರಲಿ. ಬನ್ನಿ ಸ್ವಾಮೀ. ನಿಧಾನವಾಗಿ ಬನ್ನಿ. ನಿಮ್ಮ ಕೈ ಹಿಡಿದು ನಾನು ಏಳ್ತೀನಿ. ಆಮೇಲೆ ಆ ಮೆಟ್ಟಿಲು ಇಳಿಯೋವಾಗ ನೀವು ನನ್ನ ಕೈ ಹಿಡ್ಕೊಳ್ಳಿ.